ಯಾರ ಚಾವಿ ಯಾರ ಕಿಸೆಯಲ್ಲಿ

ನವಿ ಮುಂಬಯಿಯ ಮಹಾಪೆಯ ಬಣ್ಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಡ್ರಮ್ಮು ಕೆರೆದ ಅಂಬಾದಾಸನ ಮುಂದೆ ಒಂದು ಹಾಳೆ ಇಟ್ಟು, ‘ನಿಮ್ಮ ಜೀವನದ ಸಿದ್ಧಾಂತ ಏನು, ಐದು ವರ್ಷದಲ್ಲಿ ಏನಾಗಬೇಕು, ಬರೆಯಿರಿ’ ಎಂದರೆ ಅವನಾದರೂ ಏನು ಬರೆಯಬೇಕು? ಸೂಪರ್‌ವೈಸರ್ ಆಗುವವರಿಗೆಂದು ಕಂಪನಿ ಇಟ್ಟಿದ್ದ ಅರ್ಧ ದಿನದ ತರಬೇತಿ ಅದು. ಪಕ್ಕದ ಹೃಷೀಕೇಶ ‘ಕಷ್ಟಪಟ್ಟು ದುಡಿಯುವುದು’ ಎಂದು ದಪ್ಪಕ್ಷರದಲ್ಲಿ ಗೀಚಿ ಚಹಾಕ್ಕೆ ಎದ್ದಾಗಿತ್ತು. ಸೂಪರ್‌ವೈಸರ್ ಆಗುವ ಆಸೆ ಅಂಬಾದಾಸನಿಗೆ ಆರು ವರ್ಷದ್ದು. ಆದರೆ ಹೋದ ಸೋಮವಾರದಿಂದ ಅವನಿಗೆ ಡ್ರಮ್ಮಿನ ಹೆದರಿಕೆ ಹಿಡಿದುಬಿಟ್ಟಿತ್ತು.

ಬಣ್ಣ ಕಲಸುವ ಡ್ರಮ್ಮು ಆಳೆತ್ತರದ್ದು, ತಳದಲ್ಲಿ ದೊಡ್ಡ ಬ್ಲೇಡು. ಒಳಗಿಳಿದು ಕೆರೆಯುವವನು ಮೊದಲು ಸ್ವಿಚ್ಚಿನ ಪೆಟ್ಟಿಗೆಗೆ ತನ್ನ ಬೀಗ ಹಾಕಬೇಕು, ಚಾವಿಯನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಗೋಡೆಯ ಮೇಲೆ ಮರಾಠಿ, ಹಿಂದಿ ಎರಡರಲ್ಲೂ ಹಾಗೆಂದು ಬರೆದಿದೆ. ನಮ್ಮ ಕಲಬುರಗಿ ಮಂದಿ ಅದನ್ನು ಓದುತ್ತಾರೆ, ಅಷ್ಟಕ್ಕೇ ಬಿಡುತ್ತಾರೆ. ಅವರ ಚಾವಿಗಳೆಲ್ಲ ಮುಕಾದಮ ಶಂಕ್ರೆಪ್ಪನ ಕೈಗೆ. ಎಲ್ಲರನ್ನೂ ಊರಿಂದ ಕರೆತಂದು, ಕೋಪರಖೈರಣೆಯ ತನ್ನ ಖೋಲಿಯಲ್ಲಿ ಮಲಗಲು ಜಾಗ ಕೊಟ್ಟವನು ಅವನು. ಅಂಥವನಿಗೆ ಕೊಡದೆ ಚಾವಿ ಕಿಸೆಗಿಳಿಸಿದರೆ ಮುಖಕ್ಕೆ ಹೊಡೆದ ಹಾಗಲ್ಲವೇ? ಅದರಲ್ಲೂ ಅಂಬಾದಾಸನಿಗೆ ಅವನು ಸೋದರಮಾವ, ಮಗಳು ಮಲ್ಲಿಕಾಳನ್ನು ಕೊಟ್ಟವನು.

ಸೋಮವಾರ ಡ್ರಮ್ಮಿನಲ್ಲಿ ನಾಲ್ವರಿದ್ದರು. ಊಟಕ್ಕೆಂದು ಮೂವರು ಮೇಲೆ ಹತ್ತಿದರು. ಅಂಬಾದಾಸ ತಳದಲ್ಲಿ ಉಳಿದ ಹಸಿರು ಬಣ್ಣ ಕೆರೆಯುತ್ತಿದ್ದ. ಎಲ್ಲರೂ ಹತ್ತಿದರೆಂದುಕೊಂಡು ಶಂಕ್ರೆಪ್ಪ ಫೋನಿನಲ್ಲಿ ಮಾತಾಡುತ್ತಲೇ ನಾಲ್ಕೂ ಬೀಗ ತೆಗೆದು ಸ್ವಿಚ್ಚು ಒತ್ತಿದ. ಬ್ಲೇಡು ಅರ್ಧ ಸುತ್ತು ತಿರುಗಿ ಅಂಬಾದಾಸನ ಬೂಟಿನ ತುದಿ ಕತ್ತರಿಸಿತು. ಅವನ ಕೂಗಿಗೆ ಮಷೀನು ನಿಂತಿತು. ಮೇಲೆ ಬಂದಾಗ ಮಾವನ ಮುಖ ಬಿಳಿಚಿತ್ತು. ಇಬ್ಬರೂ ಯಾರಿಗೂ ಹೇಳಲಿಲ್ಲ.

ಅಂದಿನಿಂದ ಮಲ್ಲಿಕಾ ಚಟ್ನಿಗೆಂದು ಮಿಕ್ಸರ್ ಹಚ್ಚಿದರೆ ಸಾಕು, ಇವನು ಚಪ್ಪಲಿ ಮೆಟ್ಟಿ ಹೊರಗೆ.

“ಏನಾಗ್ಯದ ನಿಮಗ? ಅಪ್ಪನ ಮುಂದರ ಹೇಳ್ರಿ,” ಎಂದಳು ಅವಳು.

“ಏನೂ ಆಗಿಲ್ಲ.”

ಸ್ವಿಚ್ಚು ಒತ್ತಿದವನು ನಿನ್ನಪ್ಪನೇ ಎಂದು ಮಗಳಿಗೆ ಹೇಳುವುದು ಹೇಗೆ?

ಕಡೆಗೂ ಹಾಳೆಯ ಮೇಲೆ ಬರೆದ: ‘ನನ್ನ ಚಾವಿ ನನ್ನ ಕಿಸೆಯಲ್ಲಿ.’ ತರಬೇತಿ ಕೊಡಲು ಬಂದಿದ್ದ ಬೆಂಗಳೂರಿನ ಜ್ಯೋತಿ ಮೇಡಂ ಓದಿ ನಕ್ಕರು.

“ಇದು ಗುರಿ ಆಗಲ್ಲ ಅಂಬಾದಾಸ್. ಐದು ವರ್ಷ ಆದ್ಮೇಲೆ ಎಲ್ಲಿರ್ತೀರಾ?”

“ಜೀವಂತ ಇರ್ಬೇಕ್ರಿ ಮೇಡಂ.”

ಅವರು ನಗು ನಿಲ್ಲಿಸಿ, ಹಾಳೆ ಮಡಚಿ ಇಟ್ಟುಕೊಂಡರು. ಸೂಪರ್‌ವೈಸರ್ ಕೆಲಸವಂತೂ ಸಿಕ್ಕಿತು.

ಇನ್ನು ಡ್ರಮ್ಮಿಗೆ ಇಳಿಯಬೇಕಾಗಿಲ್ಲ, ಹೆದರಿಕೆಯೂ ಮುಗಿಯಿತು ಎಂದುಕೊಂಡ. ಪಾಪ, ಹೆದರಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮೊದಲ ದಿನ ಬೆಳಿಗ್ಗೆಯೇ ಮೂವರು ಬೀಗ ಹಾಕಿ, ಯಾರೂ ಹೇಳದೆ, ಚಾವಿಗಳನ್ನು ತಂದು ಅವನ ಅಂಗೈಗೆ ಹಾಕಿದರು. ಮುಕಾದಮನಿಗೆ ಕೊಡುತ್ತಿದ್ದುದನ್ನು ಈಗ ಅಳಿಯನಿಗೆ ಕೊಟ್ಟರು, ಅಷ್ಟೇ. ನಾಲ್ಕನೆಯ ಆಳು ಬಂದಿರಲಿಲ್ಲ. ಅವನ ಬದಲಿಗೆ ಶಂಕ್ರೆಪ್ಪನೇ ಬೂಟು ಹಾಕಿಕೊಂಡು, ಬೀಗ ಒತ್ತಿ, ತನ್ನ ಚಾವಿಯನ್ನೂ ಕೊಟ್ಟ.

ಆಗಲೇ ಅಂಬಾದಾಸನ ಫೋನು ಬಡಿದುಕೊಂಡಿತು. ಆಫೀಸಿನಿಂದ. “ಹಾಂ ಸರ್, ಹಾಂ ಸರ್” ಎನ್ನುತ್ತ ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹೋದ. ಫೋನಿಟ್ಟಾಗ ಕೈಯಲ್ಲಿ ಚಾವಿ ಇರಲಿಲ್ಲ. ನಾಲ್ಕೂ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದವು. ಯಾವಾಗ ಇಟ್ಟೆನೆಂಬುದೇ ಅವನಿಗೆ ನೆನಪಿಲ್ಲ. ಯಾರಾದರೂ ಎತ್ತಿಕೊಂಡು ಬೀಗ ತೆಗೆದಿದ್ದರೆ? ಆ ಸೋಮವಾರ ಡ್ರಮ್ಮಿನೊಳಗಿದ್ದಾಗಲೂ ಇಷ್ಟು ಭಯವಾಗಿರಲಿಲ್ಲ.

ಓಡಿ ಬಂದಾಗ ಮೂವರು ಇಳಿದಾಗಿತ್ತು. ಒಂದೊಂದೇ ಚಾವಿಯನ್ನು ಕೆಳಗೆ ಚಾಚಿ, ತಗೊಳ್ರಿ ಎಂದ. ಅವರು ಮುಖ ಮುಖ ನೋಡಿಕೊಂಡು ತೆಗೆದುಕೊಂಡರು. ಏಣಿಯ ಮೇಲೆ ಒಂದು ಕಾಲಿಟ್ಟಿದ್ದ ಶಂಕ್ರೆಪ್ಪ ಮಾತ್ರ ಕೈ ಚಾಚಲಿಲ್ಲ.

“ಅವತ್ತಿನ ಸಿಟ್ಟು ಇನ್ನೂ ಅದೇನು? ನನ್ನ ಮ್ಯಾಲ ನಂಬಿಕಿ ಹೋತೇನು?”

“ನಿಮ್ಮ ಮಾತಲ್ರಿ ಮಾಮಾ,” ಎಂದ ಅಂಬಾದಾಸ. “ನನ್ನ ಮ್ಯಾಲ ನನಗ ನಂಬಿಕಿ ಇಲ್ಲ.”

ಶಂಕ್ರೆಪ್ಪ ಅಳಿಯನ ಮುಖವನ್ನೇ ನೋಡಿದ. ಆಮೇಲೆ ಚಾವಿ ತೆಗೆದುಕೊಂಡು ತನ್ನ ಕಿಸೆಗೆ ಹಾಕಿಕೊಂಡು, ಡ್ರಮ್ಮಿಗಿಳಿದ.