ಗುಂಯ್ ಡಾಕ್ಟರ ಎರಡನೇ ಕಿವಿ

ನಮ್ಮೆಜಮಾನರಿಗೆ ಜನ ಇಟ್ಟ ಹೆಸರು ಗುಂಯ್ ಡಾಕ್ಟರು. ಹಾಡಿನ ಸೆಟ್ಟುಗಳಲ್ಲಿ ಹಾಡಿನ ಹಿಂದೆ ದುಂಬಿಯಂತೆ ಗುಂಯ್‌ಗುಡುವ ಸದ್ದನ್ನು ಬಿಡಿಸುವುದೇ ಇವರ ಕಸುಬು. ತಪ್ಪು ಸೆಟ್ಟಿನದಲ್ಲ, ಅದಕ್ಕೆ ಕರೆಂಟು ಉಣಿಸುವ ಪವರ್ ಸಪ್ಲೈಯದು ಎನ್ನುತ್ತಿದ್ದರು. ಬೀರುವಿನಷ್ಟು ದೊಡ್ಡ ಸ್ಪೀಕರ್ ಕೊಂಡವರು ಮನೆಯಲ್ಲಿ ಬಿದ್ದಿದ್ದ ಯಾವುದೋ ಹಳೇ ಅಡಾಪ್ಟರ್ ಸಿಕ್ಕಿಸಿ ತರುತ್ತಿದ್ದರು. "ಆನೆಗೆ ಕುರಿ ಮೇವು ಹಾಕಿ, ಯಾಕೆ ಏಳ್ತಿಲ್ಲ ಅಂತೀರಲ್ಲ ಸ್ವಾಮಿ!" ಎಂದು ಇವರು ಗದರುತ್ತಿದ್ದರು.

ಮೇಜಿನ ಮೇಲೆ ಮೂರ್ನಾಲ್ಕು ಸಪ್ಲೈ ಇಟ್ಟುಕೊಂಡು, ಒಂದೊಂದನ್ನೇ ಜೋಡಿಸಿ, ಹಾಡು ಹಾಕದೆ ವಾಲ್ಯೂಮ್ ಪೂರ್ತಿ ತಿರುಗಿಸಿ, ಸ್ಪೀಕರಿಗೆ ಕಿವಿ ಒತ್ತುತ್ತಿದ್ದರು. ಏನೂ ಕೇಳಿಸಬಾರದು. ಆಮೇಲೆ ನನ್ನನ್ನು ಕರೆಯುವುದು. "ಬಾರೇ, ನಿನ್ನ ಕಿವೀನೂ ಕೊಡು." ಇಬ್ಬರ ಕಿವಿಯೂ ಒಪ್ಪದೆ ಸೆಟ್ಟು ಹೊಸ್ತಿಲು ದಾಟುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ, ನಾನು ಹೋಗಲೇಬೇಕು. "ಮದುವೆ ಆಗಿದ್ದು ನನ್ನನ್ನೋ, ನನ್ನ ಕಿವೀನೋ?" ಎಂದು ಗೊಣಗುತ್ತಲೇ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ದಿನ ಇವರು ಕಿವಿಯೊತ್ತಿ, "ಆಹಾ, ಒಂಚೂರೂ ಸದ್ದಿಲ್ಲ!" ಎಂದು ಹಿಗ್ಗಿದರು. ನಾನು ಕಿವಿಯಿಟ್ಟೆ. ಗುಂಯ್ ಎನ್ನುತ್ತಿತ್ತು, ಚೆನ್ನಾಗಿಯೇ. ಇವರ ಮುಖ ನೋಡಿದೆ. ನಲವತ್ತು ವರ್ಷ ಅದೇ ಕಿವಿಯಿಂದ ಬದುಕಿದ ಮನುಷ್ಯ. ಕೈಹಿಡಿದು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. "ಏನೂ ಇಲ್ಲ ರೀ" ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಆಮೇಲೆ ಅದನ್ನೇ ಹೇಳುತ್ತಾ ಹೋದೆ. ಗಿರಾಕಿಗಳೂ ತುಟಿ ಬಿಚ್ಚಲಿಲ್ಲ. ಗುಂಯ್ ಡಾಕ್ಟರೇ ಸದ್ದಿಲ್ಲ ಅಂದಮೇಲೆ ತಮ್ಮ ಕಿವಿಯೇ ಸರಿಯಿಲ್ಲ ಅಂದುಕೊಂಡರು, ಪಾಪ.

ಹೋದ ತಿಂಗಳು ಪಿಟೀಲು ಮೇಷ್ಟ್ರು ಸೆಟ್ಟು ವಾಪಸ್ ತಂದರು. "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ, ಗುಂಯ್ ಅಂತಿದೆ."

ಇವರು ನಕ್ಕು ಸೆಟ್ಟು ಜೋಡಿಸಿ, ಕಿವಿಯೊತ್ತಿ, ನನ್ನನ್ನು ಕೂಗಿದರು. "ಹೇಳೇ ಇವರಿಗೆ."

ಬಗ್ಗಿ ಕಿವಿಯಿಟ್ಟೆ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. "ಏನೂ ಇಲ್ಲ" ಅಂದೆ.

ಮೇಷ್ಟ್ರು ಇವರ ಬೆರಳು ಹಿಡಿದು ಸ್ಪೀಕರಿನ ಕಪ್ಪು ಕಾಗದದ ಮೇಲಿಟ್ಟರು. ಕಾಗದ ನಡುಗುತ್ತಿತ್ತು. ಇವರು ತುಂಬಾ ಹೊತ್ತು ಬೆರಳು ತೆಗೆಯಲಿಲ್ಲ.

ಮೇಷ್ಟ್ರು ಹೋದಮೇಲೆ ಇವರು ಕೇಳಿದರು, "ಎಷ್ಟು ದಿನದಿಂದ?"

"ಎರಡು ವರ್ಷ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನನ್ನ ಕಿವಿ ಹೋದ್ರೆ ಹೋಗ್ಲಿ ಬಿಡು, ವಯಸ್ಸಾಯ್ತು. ನಿನ್ನ ಕಿವಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ ಕಣೇ" ಅಂದರು. ಇವರು ಅಳಲೂ ಇಲ್ಲ.

ಈಗ ಎರಡು ವರ್ಷದ ಸೆಟ್ಟುಗಳಿರುವ ಮನೆಮನೆಗೂ ಹೋಗಿ, ಸಪ್ಲೈ ಬದಲಿಸಿಕೊಟ್ಟು, ಕ್ಷಮೆ ಕೇಳಿ ಬರುತ್ತಿದ್ದಾರೆ. ಮೊದಲ ದಿನ ಚೀಲ ಎತ್ತಿಕೊಂಡಾಗ ನಾನೂ ಚಪ್ಪಲಿ ಹಾಕಿಕೊಂಡೆ. "ಕೇಳೋಕೆ ಒಬ್ರು ಬೇಕಲ್ರೀ, ನಾನೂ ಬರ್ತೀನಿ" ಅಂದೆ.

"ಬೇಡ" ಅಂದರು, ಮೆತ್ತಗೆ. "ಮೇಷ್ಟ್ರಿಗೆ ಬನ್ನಿ ಅಂತ ಹೇಳಿದೀನಿ."