ಮಾಸ್‌ಗೆಂದು ಎತ್ತಿಟ್ಟ ಗುಟುಕು

ಜಾವಾದ ನಮ್ಮ ಸೋಲೋ ಊರಿನ ಓಣಿಗೆ ಮೊದಲು ಅರಿಶಿನದ ವಾಸನೆ ಬರುತ್ತಿತ್ತು, ಆಮೇಲೆ ಬು ಸುಗಿಯಾರ್ತಿ; ಬು ಅಂದರೆ ನಮ್ಮಲ್ಲಿ ಅಮ್ಮ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ನಲವತ್ತು ವರ್ಷ ಜಾಮು ಕಷಾಯ ಮಾರಿದವಳು. ಜ್ವರಕ್ಕೊಂದು, ಬಾಣಂತಿಗೊಂದು, ಸೋಮಾರಿ ಗಂಡಸರಿಗೊಂದು. ಕಹಿ ಕುಡಿದವರಿಗೆ ಅಕ್ಕಿ-ಕಚ್ಚೋರದ ಸಿಹಿ ಒಂದು ಗುಟುಕು ಪುಕ್ಕಟೆ. ಆದರೆ ಆ ಸಿಹಿ ಬಾಟಲಿಯ ತಳದ ಕೊನೆಯ ಲೋಟ ಮಾತ್ರ ಸೈಕಲ್ ರಿಕ್ಷಾ ತುಳಿಯುವ ಗಂಡ ದಾರ್ಸೊನೊಗೆ. ಎದುರು ಮನೆಯವಳಾದ ನಾನು ಎಷ್ಟು ಗೋಗರೆದರೂ ಕೊಟ್ಟವಳಲ್ಲ, ಜಿಪುಣಿ.

ಮರೆವು ಮುಂಜಾನೆಯ ಮಂಜಿನ ಹಾಗೆ ಸದ್ದಿಲ್ಲದೆ ಬಂತು. ಮೊದಲು ಓಣಿಯ ತಿರುವು ಮಸುಕಾಯಿತು, ಆಮೇಲೆ ಕಷಾಯದ ಅಳತೆ, ಕೊನೆಗೆ ಗಂಡನೇ. "ಮಾಸ್" ಎಂದು ಗಂಡನೆಂಬ ಸಲುಗೆಯಲ್ಲಿ ಕರೆಯುತ್ತಿದ್ದವಳು ಊರ ಗಂಡಸರನ್ನೆಲ್ಲ ಕರೆಯುವಂತೆ ಅವನನ್ನೂ "ಪಾ" ಎನ್ನತೊಡಗಿದಳು.

ಆಸ್ಪತ್ರೆಗೆ ನಾನೂ ಹೋಗಿದ್ದೆ.

"ಆಲ್ಝೈಮರ್, ಪಾ," ಎಂದರು ಡಾಕ್ಟರು. "ಮಿದುಳಲ್ಲಿ ಕಸ ಕಟ್ಟಿದೆ. ಅದನ್ನ ತೆಗೆಯೋಕೆ ಕಾವಲಿನ ಜೀವಕೋಶಗಳು ಎದ್ದಿವೆ, ಆದ್ರೆ ಸುಮ್ನಾಗ್ತಾನೇ ಇಲ್ಲ. ಆ ಉರಿಯೂತಕ್ಕೆ ಚೆನ್ನಾಗಿರೋ ನರಗಳೂ ಹಾಳಾಗ್ತಿವೆ."

"ನಮ್ಮ ಓಣಿ ಗಸ್ತಿನೋರ ಹಾಗೆ ಅನ್ನಿ," ಎಂದೆ. "ಕಳ್ಳ ಓಡಿಹೋದ್ರೂ ಸಿಕ್ಕಿದೋರಿಗೆಲ್ಲ ಬಡೀತಾನೇ ಇರ್ತಾರೆ."

ದಾರ್ಸೊನೊನ ಮುಖ ಅರಳಿತು. "ಊತಕ್ಕೆ ಅರಿಶಿನ ಇದೆಯಲ್ಲ! ಊರೋರ ಊತ ಎಲ್ಲಾ ಇಳಿಸಿದ್ದು ಇವಳೇ!"

"ಕುಡೀಲಿ, ಪಾ. ಆದ್ರೆ ಅದು ಮಿದುಳಿನ ತನಕ ಹೋಗಿ ಉರಿ ಆರಿಸುತ್ತೆ ಅಂತ ಕಾಯ್ಬೇಡಿ."

ಕೇಳುವ ಆಸಾಮಿಯೇ? ದಿನಾ ಬೆಳಿಗ್ಗೆ ಅರಿಶಿನ ಅರೆದು, ಬಾಟಲಿ ತುಂಬಿಸಿ, ಬುಟ್ಟಿಯನ್ನು ಜಗಲಿಯಲ್ಲಿ ಅವಳ ಮುಂದಿಟ್ಟು ಗಿರಾಕಿಯಂತೆ ಕೂರುತ್ತಿದ್ದ. ಒಂದೇ ಒಂದು ಸಲ ಅವಳ ಬಾಯಲ್ಲಿ "ಮಾಸ್" ಕೇಳಬೇಕಿತ್ತು ಅವನಿಗೆ. ತಿಂಗಳುಗಳೇ ಹೋದವು. ನೋಡಿ ನೋಡಿ ನನಗೆ ಸಂಕಟ, ಸಿಟ್ಟು ಎರಡೂ.

ಒಂದು ದಿನ ಎಳೆಬಿಸಿಲು ಅವಳ ಹಳದಿ ಬೆರಳುಗಳ ಮೇಲೆ ತೂಕಡಿಸುತ್ತಿತ್ತು. ಕಹಿ ಕುಡಿದು ಅವನು ಮುಖ ಹಿಂಡಿದ.

"ಬು, ಒಂದು ಗುಟುಕು ಸಿಹಿ?"

ಸಿಹಿ ಬಾಟಲಿಯ ತಳದಲ್ಲಿ ಒಂದೇ ಲೋಟ ಉಳಿದಿತ್ತು. ಅವಳು ಬಾಟಲಿಯನ್ನು ಮಡಿಲಿಗೆಳೆದು ಸೆರಗಲ್ಲಿ ಮುಚ್ಚಿಕೊಂಡಳು.

"ಅದೊಂದು ಕೇಳ್ಬೇಡಿ, ಪಾ. ನಮ್ಮ ಮಾಸ್‌ಗೆ ಇಟ್ಟಿರೋದು. ಬಿಸಿಲಲ್ಲಿ ರಿಕ್ಷಾ ತುಳ್ಕೊಂಡು ಬರ್ತಾರೆ, ಪಾಪ."

ದಾರ್ಸೊನೊನ ಕಣ್ಣು ತುಂಬಿತು.

"ಇರ್ಲಿ ಬು, ಅವರಿಗೇ ಇರ್ಲಿ."

ಬಾಯಿಯ ಕಹಿಯನ್ನು ಹಾಗೇ ಇಟ್ಟುಕೊಂಡು ಅವಳ ಪಕ್ಕ ಹೋಗಿ ಕುಳಿತ. ಇಬ್ಬರೂ ಓಣಿಯ ತಿರುವು ನೋಡುತ್ತ ಅವಳ ಗಂಡನಿಗಾಗಿ ಕಾದರು.