ತುಂಬುತೋಳಿನ ಅಂಗಿ

ಇಸ್ತ್ರಿ ಅಂಗಡಿಯ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಇದ್ದರೆ ಇರಲಿ ಬಿಡಿ. ಗಂಡ ತೀರಿಕೊಂಡ ಮೇಲೆ ಆ ಕೋಪದಿಂದಲೇ ಅವಳು ಅಂಗಡಿ ಉಳಿಸಿಕೊಂಡಳು. ಯುದ್ಧ ಕಂಡು, ಸೈನ್ಯ ಬಿಟ್ಟು ಬಂದ ತಮ್ಮನನ್ನು ಪಕ್ಕದ ಮೇಜಿಗೆ ನಿಲ್ಲಿಸಿಕೊಂಡಳು.

ತಮ್ಮನದು ಮಾತು ಕಡಿಮೆ. ಬೀದಿಯಲ್ಲಿ ಟೈರು ಒಡೆದರೂ ಬೆಚ್ಚಿ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ. "ಮಿಲಿಟರಿ ಶಿಸ್ತು ಅಂದ್ರೆ ಇದು" ಎಂದು ಗಿರಾಕಿಗಳು ಮೆಚ್ಚಿದ್ದೇ ಮೆಚ್ಚಿದ್ದು. ಕೈ ಸುಟ್ಟುಕೊಳ್ಳದ ಇಸ್ತ್ರಿಯವನು ಕೆಲಸಗಳ್ಳ ಎಂಬ ಮಾತು ಆ ಕಸುಬಿನವರಲ್ಲಿದೆ. ಹಾಗಾಗಿ ಅವನ ಕೈಮೇಲೆ ಮೊದಲ ಸುಟ್ಟ ಗಾಯ ಕಂಡಾಗ ಅಕ್ಕ ನಕ್ಕು, "ಈಗ ನೋಡು, ನೀನು ನಮ್ಮವನಾದೆ" ಎಂದಿದ್ದಳು. ಮುಲಾಮು ಹಚ್ಚಿ ಮರೆತೂ ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಅವನು ಅಂಗಡಿಯ ಹಿಂದೆ ಅಂಗಿ ಕಳಚಿ ಮುಖ ತೊಳೆಯುವಾಗ ನೋಡಿದಳು. ಎರಡೂ ತೋಳಿನ ತುಂಬ ಸುಟ್ಟ ಕಲೆಗಳು, ಮೇಲಿನವರೆಗೆ. ಇಸ್ತ್ರಿ ಪೆಟ್ಟಿಗೆ ತಾನಾಗಿ ಹೋಗಿ ಮುಟ್ಟುವ ಜಾಗಗಳಲ್ಲ ಅವು.

"ಯಾಕೋ?" ಎಂದಳು.

"ತಲೆಯೊಳಗೆ ಅದೇ ನಡೀತಿರುತ್ತೆ ಅಕ್ಕ. ಹೀಗೆ ಮಾಡ್ಕೊಂಡ್ರೆ ನಿಲ್ಲುತ್ತೆ ಅನ್ಕೊಂಡೆ. ನಿಲ್ಲಲ್ಲ. ಯಾರಿಗೂ ಹೇಳ್ಬೇಡ, ಹುಚ್ಚ ಅಂತಾರೆ."

"ಆಸ್ಪತ್ರೆಗೆ ನಡಿ."

"ಬರಲ್ಲ."

ಅಷ್ಟರಲ್ಲಿ ಅವನ ದಳದ ಹಿರಿಯ ಅಧಿಕಾರಿಯಾಗಿದ್ದ ಸಾಹೇಬರು, ಈಗ ನಿವೃತ್ತರು, ಇಸ್ತ್ರಿಗೆಂದು ಸಮವಸ್ತ್ರ ಹಿಡಿದು ಅಂಗಡಿಯ ಹಿಂದಕ್ಕೇ ಬಂದರು. ಸಂಜೆ ಮಾಜಿ ಸೈನಿಕರಿಗೆ ಸನ್ಮಾನವಂತೆ, ತಮ್ಮನೂ ವೇದಿಕೆ ಹತ್ತಬೇಕಂತೆ. ಬರಿ ತೋಳು ಕಂಡದ್ದೇ ಮುಖ ತಿರುಗಿಸಿದರು.

"ಮೊದಲು ಅದನ್ನ ಮುಚ್ಕೋ. ಸೈನಿಕ ಆದೋನು ಇದನ್ನೆಲ್ಲ ಮಾಡ್ಕೊಳ್ಳಲ್ಲ."

ಅಕ್ಕನ ಪಿತ್ತ ನೆತ್ತಿಗೇರಿತು. "ಯಾಕ್ ಮುಚ್ಕೋಬೇಕು ಸಾಹೇಬ್ರೇ? ಗುಂಡಿನ ಗಾಯ ಆಗಿದ್ರೆ ನೀವೇ ತೋಳು ಮಡಚಿ ಊರಿಗೆಲ್ಲ ತೋರಿಸ್ತಿದ್ರಿ! ಇದೂ ಅಲ್ಲಿಂದ್ಲೇ ತಂದಿದ್ದು. ಕಳಿಸುವಾಗ ಗಟ್ಟಿಮುಟ್ಟಾಗಿದ್ದ ನನ್ನ ತಮ್ಮ. ವಾಪಸ್ ಬಂದ್ಮೇಲೆ ಒಂದಿನ ಆದ್ರೂ 'ನಿದ್ದೆ ಬರುತ್ತೇನೋ' ಅಂತ ಕೇಳಿದ್ರಾ? ನಿಮ್ಮ ಸನ್ಮಾನ ನೀವೇ ಇಟ್ಕೊಳ್ಳಿ."

ಸಮವಸ್ತ್ರವನ್ನು ಕಸಿದು, ಮುದ್ದೆ ಮಾಡಿ ಅವರ ಕೈಗೇ ತುರುಕಿದಳು. ಇಸ್ತ್ರಿಯವಳು ಬಟ್ಟೆ ಮುದ್ದೆ ಮಾಡಿದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು. ಸಾಹೇಬರು ಏನೋ ಗೊಣಗುತ್ತ ಹೋದರು. ಅವಳು ಕಾದ ಪೆಟ್ಟಿಗೆಗಳನ್ನು ಆರಿಸಿ ಚಪ್ಪಲಿ ಮೆಟ್ಟಿದಳು. ತಮ್ಮನೂ ಅಂಗಿ ತೊಟ್ಟು ಹಿಂದೆ ಬಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೋಳು ನೋಡಿ, "ಹೇಗಾಯ್ತು?" ಎಂದು ಕೇಳಿದರು. ಜಗಳಕ್ಕೇ ಸಿದ್ಧಳಾಗಿ ಬಂದಿದ್ದ ಅಕ್ಕ ಬಾಯಿ ತೆರೆದಳು. ತಮ್ಮ ಅವಳ ಕೈ ಅದುಮಿದ.

"ನಾನೇ ಮಾಡ್ಕೊಂಡೆ ಮೇಡಂ" ಎಂದ. "ಬಿಡೋಕೆ ಆಗ್ತಿಲ್ಲ. ಬಿಡಿಸಿ."